ನೀರಿಗೆ ಬಿದ್ದವಳು ಯಾರು?

ಹೋದ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಬ್ರೆಜಿಲ್‌ನಿಂದ ಒಬ್ಬ ಹುಡುಗ ಬಂದಿದ್ದ. ಆನೆಗುಂದಿಯಲ್ಲಿ ನಮ್ಮದು ಹಳೇ ಮನೆ. ಹಿತ್ತಲಲ್ಲಿ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡುತ್ತೇವೆ. ಬಂಡೆ ಹತ್ತುವವರೇ ಜಾಸ್ತಿ ಬರುತ್ತಾರೆ, ಬೆಳಿಗ್ಗೆ ಎದ್ದು ಹಾಸಿಗೆಯಷ್ಟು ದಪ್ಪನೆಯ ಪ್ಯಾಡನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ, ಬಿದ್ದರೆ ಅದರ ಮೇಲೆ ಬೀಳೋಕೆ. ಇವನೂ ಅಂಥವನೇ. ಮಿನಾಸ್ ಜೆರಾಯಿಸ್ ಅನ್ನೋ ರಾಜ್ಯದವನು. ಆ ಹೆಸರಲ್ಲೇ ಗಣಿ ಇದೆ, ಮಿನಾಸ್ ಅಂದರೆ ಗಣಿಗಳು. ನಮ್ಮ ಸಂಡೂರಿನ ಕಡೆ ಇರೋ ಹಾಗೆ ಅಲ್ಲೂ ಕಬ್ಬಿಣದ ಅದಿರು, ಕೆಂಪು ಮಣ್ಣು. ಬಂದ ದಿನವೇ ತನ್ನ ಬೂಟಿನ ಕೆಂಪು ಧೂಳು ತೋರಿಸಿ ನಕ್ಕಿದ್ದ.

ಬಂದು ನಾಲ್ಕೋ ಐದೋ ದಿನ ಆಗಿತ್ತು. ನಾನು, ಅವ್ವ ಒಲೆ ಮುಂದೆ ರೊಟ್ಟಿ ಬಡೀತಿದ್ದೆವು. ಮಾವ ಕಟ್ಟೆಯ ಮೇಲೆ ಚಹಾ ಕುಡೀತಾ ಕೂತಿದ್ದರು. ಅವರದು ಹೊಳೆಯಲ್ಲಿ ತೆಪ್ಪ ಹಾಕುವ ಕೆಲಸ, ಅವತ್ತು ಮಾತ್ರ ಬೇರೆ ಹುಡುಗನಿಗೆ ಕೊಟ್ಟು ಬಂದಿದ್ದರು. ಅಷ್ಟರಲ್ಲಿ ಈ ಬ್ರೆಜಿಲ್ ಹುಡುಗ ಏದುಸಿರು ಬಿಡುತ್ತಾ ಓಡಿ ಬಂದ.

‘ಫೆಲ್ ಇನ್ ದ ವಾಟರ್! ಫೆಲ್ ಇನ್ ದ ವಾಟರ್!’

ಬಿದ್ದದ್ದು ಯಾರು? ಹೇಳಲೇ ಇಲ್ಲ. ‘ಹೂ? ಹೂ ಫೆಲ್?’ ಅಂತ ಕೇಳಿದೆ. ಅವನು ಎರಡೂ ಕೈ ಎತ್ತಿ, ‘ಶಿ! ಶಿ ಫೆಲ್!’ ಅಂದ.

ಪಕ್ಕದ ರೂಮಿನಲ್ಲಿ ಪುಣೆಯ ಇಬ್ಬರು ಹುಡುಗಿಯರಿದ್ದರು, ಬೆಳಿಗ್ಗೆಯೇ ಹೊಳೆ ಕಡೆ ಹೋದವರು ಇನ್ನೂ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ಹಿಟ್ಟು ಅಲ್ಲೇ ಬಿತ್ತು. ಅವ್ವ ‘ಯಾವಾಕಿ ಬಿದ್ಲೋ ಯಪ್ಪಾ!’ ಅಂತ ಕೂಗಿದಳು. ಮಾವ ಚಹಾದ ಕಪ್ಪು ಇಟ್ಟವರೇ ಓಡಿದರು, ದಾರಿಯಲ್ಲೇ ಅಂಗಿ ತೆಗೆದರು, ತೆಪ್ಪ ನಿಲ್ಲೋ ಜಾಗದಲ್ಲಿ ದಬಕ್ಕನೆ ಹಾರಿದರು. ದಂಡೆ ಮೇಲೆ ಹತ್ತಾರು ಜನ ಸೇರಿದರು. ಮಾವ ಎರಡು ಸಲ ಮುಳುಗಿ ಎದ್ದ ಮೇಲೆ, ಈ ಹುಡುಗ ಗಾಬರಿಯಿಂದ ನನ್ನ ಮುಂದೆ ಬಂದು ಬೆರಳಲ್ಲಿ ಬೀಗ ತಿರುಗಿಸಿ ತೋರಿಸಿದ. ‘ದ ಕೀ. ಶಿ. ದ ರೂಮ್ ಕೀ.’

ನೀರಿನಿಂದ ಎದ್ದು ಬಂದ ಮಾವ ಏನಂದರು ಅಂತ ಇಲ್ಲಿ ಬರೆಯೋಕೆ ಆಗಲ್ಲ.

ಸಾಯಂಕಾಲ ಬೀಗ ಒಡೆದು ಹೊಸದು ಹಾಕಿದ ಮೇಲೆ ಕೂತು ಯೋಚಿಸಿದೆ. ನಾನು ಮನೆ ಮುಂದಿನ ಕಟ್ಟೆಯಲ್ಲಿ ಓಣಿಯ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ, ಹಾಗಾಗಿ ತಪ್ಪು ಕಂಡರೆ ಸುಮ್ನೆ ಬಿಡೋಕೆ ಆಗೋದಿಲ್ಲ. ಎರಡೇ ವಾಕ್ಯದಲ್ಲಿ ಎರಡು ಬೇರೆ ಬೇರೆ ತಪ್ಪು. ಮೊದಲ ಸಲ ಹೇಳಬೇಕಾದ ಪದವನ್ನೇ ನುಂಗಿದ, ಎರಡನೇ ಸಲ ‘ಇಟ್’ ಅನ್ನಬೇಕಾದಲ್ಲಿ ‘ಶಿ’ ಅಂದ. ಎರಡೂ ಅಜಾಗರೂಕತೆ ಅಲ್ಲ. ಎರಡೂ ಅವನ ಪೋರ್ಚುಗೀಸ್‌ನಿಂದ ನೆಟ್ಟಗೆ ಬಂದವು.

ಪೋರ್ಚುಗೀಸ್‌ನಲ್ಲಿ ‘ಕಾಯಿಊ’ ಅಂದರೆ ಸಾಕು, ಬಿದ್ದ, ಬಿದ್ದಳು, ಬಿತ್ತು, ಎಲ್ಲಾ ಅದೇ. ಯಾವುದು ಅಂತ ಮಾತಿನ ಸಂದರ್ಭದಿಂದ ತಿಳಿಯುತ್ತೆ. ಇನ್ನು ಬೀಗದ ಕೈ ಅವರಿಗೆ ಹೆಣ್ಣು. ಅವರ ಭಾಷೆಯಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಪುಸ್ತಕ ಗಂಡು, ಮೇಜು ಹೆಣ್ಣು, ಸೂರ್ಯ ಗಂಡು, ಚಂದ್ರ ಹೆಣ್ಣು. ‘ಅದು’ ಅನ್ನೋ ಮೂರನೇ ಖಾನೆಯೇ ವಸ್ತುಗಳಿಗೆ ಇಲ್ಲ. ಬೀಗದ ಕೈಗೆ ಅವನು ಏನಂತಾನೆ ಅಂತ ಕೇಳಿದೆ. ‘ಶಾವಿ’ ಅಂದ. ಚಾವಿ! ಅವ್ವ ಒಳಗಿನಿಂದಲೇ ‘ಹಂಗಂತ ಮೊದಲ ಹೇಳಬಾರದಿತ್ತಾ’ ಅಂದಳು.

ನಮ್ಮ ಚಾವಿ ಪೋರ್ಚುಗೀಸರಿಂದಲೇ ಬಂದದ್ದು. ಪಾದ್ರಿ, ಬಟಾಟೆ ಕೂಡ. ನಮ್ಮ ಕಡೆಗೆ ಇಂಗ್ಲಿಷಿಗಿಂತ ಮೊದಲು ಕಾಲಿಟ್ಟದ್ದು ಅವರ ಭಾಷೆ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಆನೆಗುಂದಿಗೆ ದಾಟಿಸೋ ತೆಪ್ಪದ ಬಗ್ಗೆ ಆತ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗೋಕೆ ಬಾರದೆ ಸುತ್ತುತ್ತಲೇ ಇರುತ್ತವೆ ಅಂತ. ಐನೂರು ವರ್ಷ ಆದರೂ ಸುತ್ತೋದು ನಿಂತಿಲ್ಲ. ಈಗ ಟೂರಿಸ್ಟ್ ಬಂದರೆ ಬೇಕಂತಲೇ ಇನ್ನೂ ಜೋರಾಗಿ ಸುತ್ತಿಸುತ್ತಾರೆ. ನಮ್ಮ ಹುಡುಗನ ಜೇಬಿನಿಂದ ಚಾವಿ ಹಾರಿದ್ದು ಹಾಗೆ. ಇಂಗ್ಲಿಷರ ಆಡಳಿತ ಬಳ್ಳಾರಿಗೆ ಬಂದದ್ದು 1800ರಲ್ಲಿ, ಅದೂ ಹೊಳೆಯ ಆಚೆ ದಡಕ್ಕೆ. ಈಚೆ ದಡದ ನಾವು ನಿಜಾಮನ ಕಡೆಯವರು.

ಮರುದಿನದಿಂದ ಅವನು ಸಂಜೆ ಹುಡುಗರ ಜೊತೆ ಟ್ಯೂಷನ್‌ಗೆ ಕೂರತೊಡಗಿದ. ನಾನು ಕರೆದಿರಲಿಲ್ಲ, ಬಂದು ಚಾಪೆ ಮೇಲೆ ಕೂತ. ನನಗೆ ಆಶ್ಚರ್ಯ ಆಗಿದ್ದು ಏನೆಂದರೆ, ನಮ್ಮ ಏಳನೇ ಕ್ಲಾಸಿನ ಹುಡುಗರು ಮಾಡೋ ಮೊದಲನೇ ತಪ್ಪೂ ಅವನದೇ. ‘ಅಕ್ಕಾ, ಯೆಸ್ಟರ್‌ಡೇ ವೆಂಟ್ ಟು ಗಂಗಾವತಿ’ ಅಂತಾರೆ. ಹೋದದ್ದು ಯಾರು? ಅವರ ತಲೆಯಲ್ಲಿ ಅದು ‘ಹೋಗಿದ್ದೆ’ ಆಗಿದೆ, ‘ಹೋಗಿದ್ದೆ’ಯಲ್ಲಿ ನಾನು ಇದ್ದೇ ಇದ್ದೇನಲ್ಲ.

ಕನ್ನಡದ ಕ್ರಿಯಾಪದದ ಬಾಲ ನೋಡಿ. ಬಂದೆ, ಬಂದೆವು, ಬಂದ, ಬಂದಳು, ಬಂದರು, ಬಂತು. ಬಾಲ ನೋಡಿದರೆ ಸಾಕು, ಯಾರು ಅಂತ ಗೊತ್ತಾಗುತ್ತೆ. ಪೋರ್ಚುಗೀಸ್‌ನಲ್ಲೂ ಹೀಗೇ. ಬ್ರೆಜಿಲ್‌ನಲ್ಲಿ ಮನೆ ಬಾಗಿಲಿಗೆ ಬಂದವರು ‘ಶೆಗೇಯ್!’ ಅಂತಾರಂತೆ, ನಾವು ‘ಬಂದೆ ಬೇ’ ಅನ್ನೋ ಹಾಗೆ. ‘ಶೆಗಾಮುಸ್’ ಅಂದರೆ ಬಂದೆವು, ‘ಶೆಗಾರಾಂ’ ಅಂದರೆ ಬಂದರು. ಇಂಗ್ಲಿಷಿನಲ್ಲಿ? ಐ ಕೇಮ್, ವಿ ಕೇಮ್, ಶಿ ಕೇಮ್, ದೇ ಕೇಮ್. ಬಾಲ ಕತ್ತರಿಸಿದ ಹಲ್ಲಿ. ಹಿಂದೆ ಅದಕ್ಕೂ ಬಾಲ ಇತ್ತು, ‘ದೌ ಕಮೆಸ್ಟ್, ಹಿ ಕಮೆತ್’ ಅಂತಿದ್ದರು. ಕಾಲಕ್ರಮೇಣ ಉದುರಿ ಹೋಯಿತು, ಈಗ ಉಳಿದಿರೋದು ‘ಹಿ ಕಮ್ಸ್’ನ ಆ ಒಂದು ಸಕಾರ. ಬಾಲದಲ್ಲಿ ಹೇಳೋಕೆ ಆಗದ್ದನ್ನು ತಲೆಯಲ್ಲೇ ಹೇಳಬೇಕಲ್ಲ, ಅದಕ್ಕೇ ಐ, ಯು, ಹಿ, ಶಿ, ಇಟ್, ವಿ, ದೇ ಬಿಡೋ ಹಾಗಿಲ್ಲ.

ಅಂದ ಹಾಗೆ ಬ್ರೆಜಿಲ್‌ನವರು ಪೋರ್ಚುಗಲ್‌ನವರಿಗಿಂತ ‘ನಾನು’, ‘ನೀನು’ ಅನ್ನೋದನ್ನು ಮಾತಿನಲ್ಲಿ ಜಾಸ್ತಿ ಸೇರಿಸುತ್ತಾರೆ, ಅವರಲ್ಲೂ ಬಾಲ ಸವೆಯುತ್ತಿದೆ. ಆದರೆ ವಸ್ತುಗಳ ವಿಷಯ ಬಂದರೆ ಬಿಟ್ಟೇ ಬಿಡುತ್ತಾರೆ. ಹಾಗಾಗಿ ಅವನ ‘ಐ’ ಅಷ್ಟಾಗಿ ತಪ್ಪುತ್ತಿರಲಿಲ್ಲ, ‘ಇಟ್’ ಮಾತ್ರ ಸಿಗುತ್ತಲೇ ಇರಲಿಲ್ಲ. ‘ಈಸ್ ಗುಡ್’, ‘ಈಸ್ ಹಾಟ್’, ‘ಈಸ್ ಫಾರ್’. ಮಿರ್ಚಿ ಒಗ್ಗರಣಿ ತಿಂದರೂ ‘ಈಸ್ ಹಾಟ್’, ಬಿಸಿಲಿಗೂ ‘ಈಸ್ ಹಾಟ್’.

ಒಬ್ಬ ಹುಡುಗ ಒಂದು ಆಟ ಹುಡುಕಿದ. ಯಾರೇ ಆಗಲಿ ತಲೆ ಇಲ್ಲದ ವಾಕ್ಯ ಹೇಳಿದರೆ ಎಲ್ಲರೂ ಸೇರಿ ‘ಯಾರು?’ ಅಂತ ಕೂಗೋದು. ಬ್ರೆಜಿಲ್ ಹುಡುಗ ಕಲಿತ ಮೊದಲ ಕನ್ನಡ ಪದವೇ ಯಾರು. ಅವನು ಅಂಜನಾದ್ರಿ ಬೆಟ್ಟ ಹತ್ತಿ ಬಂದು, 500ಕ್ಕೂ ಹೆಚ್ಚು ಮೆಟ್ಟಿಲಿನ ಸುಸ್ತಿನಲ್ಲಿ, ‘ಹ್ಯಾವ್ ಮೆನಿ ಮಂಕೀಸ್ ದೇರ್’ ಅಂದ. ‘ಯಾರು?’ ಅಂತ ಕೂಗಿದರು. ಮಂಗಗಳು ಇರೋದು ಯಾರ ಹತ್ತಿರ? ಒಬ್ಬಳು ಪುಟ್ಟಿ ತಾನೇ ಉತ್ತರ ಕೊಟ್ಟಳು, ‘ಹನುಮಪ್ಪನತ್ರ!’ ಪೋರ್ಚುಗೀಸ್‌ನಲ್ಲಿ ‘ತೇಂ ಮಕಾಕುಸ್’ ಅಂದರೆ ಮುಗಿಯಿತು. ಇಂಗ್ಲಿಷಿಗೆ ‘ದೇರ್ ಆರ್’ ಬೇಕು.

ಆದರೆ ‘ಈಸ್ ರೇನಿಂಗ್’ಗೆ ಯಾರು ಅಂತ ಕೂಗಿದಾಗ ನಾನೂ ಸಿಕ್ಕಿಹಾಕಿಕೊಂಡೆ. ‘ಇಟ್ ಈಸ್ ರೇನಿಂಗ್’ ಅನ್ನಬೇಕು ಸರಿ, ಆ ‘ಇಟ್’ ಯಾರು? ಕನ್ನಡದಲ್ಲಿ ಮಳೆ ಬರುತ್ತೆ, ಬರೋದು ಮಳೆಯೇ. ಪೋರ್ಚುಗೀಸ್‌ನಲ್ಲಿ ಬರೀ ‘ಇಸ್ತಾ ಶೊವೆಂದು’, ಯಾರೂ ಇಲ್ಲ. ಇಂಗ್ಲಿಷಿನಲ್ಲೂ ನಿಜಕ್ಕೂ ಯಾರೂ ಇಲ್ಲ, ಆದರೂ ಇದ್ದಂತೆ ನಟಿಸುತ್ತಾರೆ. ಇದನ್ನು ಹೇಗೆ ಹೇಳೋದು ಅಂತ ಒದ್ದಾಡಿ ಕೊನೆಗೆ ಬಸ್ಸಿಗೆ ಹೋದೆ. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಂತಿರೋದಿಲ್ಲ, ನಾವು ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವೆ, ಅಲ್ವಾ? ಸೀಟಿನ ಮೇಲೆ ಮನುಷ್ಯ ಇಲ್ಲ, ಆದರೆ ಖಾಲಿ ಅಂತ ಯಾರೂ ಅನ್ನೋ ಹಾಗಿಲ್ಲ. ಆ ‘ಇಟ್’ ಟವೆಲ್. ಇಂಗ್ಲಿಷ್ ವಾಕ್ಯದ ಮೊದಲನೇ ಸೀಟು ಖಾಲಿ ಬಿಡೋ ಹಾಗಿಲ್ಲ, ಕೂರೋಕೆ ಯಾರೂ ಇಲ್ಲದಿದ್ದರೆ ಟವೆಲ್ ಹಾಕಬೇಕು. ಮಳೆಗೆ ಟವೆಲ್, ಬಿಸಿಲಿಗೆ ಟವೆಲ್, ‘ಇಟ್ ಈಸ್ ಥ್ರೀ ಓ ಕ್ಲಾಕ್’ಗೆ ಟವೆಲ್, ‘ಇಟ್ ಈಸ್ ಫಾರ್’ಗೂ ಟವೆಲ್. ಬ್ರೆಜಿಲ್ ಹುಡುಗನಿಗೆ ಇದನ್ನು ತೋರಿಸಲೇಬೇಕು ಅಂತ ಹುಡುಗರು ಭಾನುವಾರ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಅವನ ಟವೆಲ್ ಯಾರೋ ಎತ್ತಿ ಹಿಂದಿನ ಸೀಟಿಗೆ ಹಾಕಿದ್ದರಂತೆ, ಅದು ಬೇರೆ ಕಥೆ.

ಇದು ಎಷ್ಟು ನಾಟಿತು ಅಂದರೆ ಆಮೇಲೆ ಎರಡೆರಡು ಹಾಕತೊಡಗಿದ. ‘ಮೈ ಸಿಸ್ಟರ್ ಶಿ ಲಿವ್ಸ್’, ‘ದ ರಿವರ್ ಇಟ್ ಈಸ್ ಡೀಪ್’. ಒಂದೇ ಸೀಟಿಗೆ ಇಬ್ಬರು. ನಮ್ಮ ಬಸ್ಸಲ್ಲಿ ನಡೆಯುತ್ತೆ, ಇಂಗ್ಲಿಷಿನಲ್ಲಿ ಕಂಡಕ್ಟರ್ ಎಬ್ಬಿಸುತ್ತಾನೆ. ಸೀಟು ಬೇಡದ ಜಾಗವೂ ಉಂಟು ಅಂತ ಹೇಳಬೇಕಾಯಿತು. ‘ಕಮ್, ಸಿಟ್’ ಅಂತ ಹೇಳುವಾಗ ‘ಯು’ ಬೇಡ. ‘ಹಿ ಕೇಮ್ ಅಂಡ್ ಸ್ಯಾಟ್’ನಲ್ಲಿ ಎರಡನೇ ‘ಹಿ’ ಬೇಡ.

ಗಂಡು ಹೆಣ್ಣಿನ ವಿಷಯದಲ್ಲಿ ನಮ್ಮ ಹುಡುಗರು ಅವನಿಗಿಂತ ಎಷ್ಟೋ ಮುಂದೆ. ಕಲ್ಲು, ಕುರ್ಚಿ, ಚಾವಿ ಎಲ್ಲಾ ನಮಗೂ ಅದು, ಇಂಗ್ಲಿಷಿಗೂ ಅದು. ಅವನಿಗೆ ನಾನು ಹೇಳಿದ್ದು ಇಷ್ಟೇ: ಉಸಿರಾಡದೇ ಇದ್ದರೆ ಕಣ್ಣು ಮುಚ್ಚಿ ‘ಇಟ್’ ಅನ್ನು. ಅವನಿಗೆ ತೊಡಕಾಗಿದ್ದು ಹೊಳೆ. ಪೋರ್ಚುಗೀಸ್‌ನಲ್ಲಿ ಹೊಳೆ ಗಂಡು, ‘ಹಿ ಈಸ್ ಬಿಗ್’ ಅಂದ. ಮಾವನಿಗೆ ತರ್ಜುಮೆ ಮಾಡಿದೆ. ‘ತುಂಗಭದ್ರಮ್ಮಗ ಅವ ಅಂತಾನೇನು!’ ಅಂತ ಕಣ್ಣು ಬಿಟ್ಟರು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ‘ಮಾವ, ನೀವೂ ಹೊಳಿ ಬಂತು ಅಂತೀರಿ, ಬಂದ್ಲು ಅನ್ನಲ್ಲ’ ಅಂದೆ. ಅವತ್ತು ರಾತ್ರಿ ಊಟ ಆಗೋವರೆಗೂ ನನ್ನ ಜೊತೆ ಮಾತಾಡಲಿಲ್ಲ.

ನಮ್ಮ ಹುಡುಗರು ಎಡವೋದು ಮರ್ಯಾದೆಯಲ್ಲಿ. ‘ಅವರ್ ಸರ್ ದೇ ಆರ್ ಕಮಿಂಗ್.’ ಸರ್ ಒಬ್ಬರೇ, ಆದರೆ ಅವರು ಬರುತ್ತಿದ್ದಾರೆ. ಅವನು, ಆತ, ಅವರು, ಮೂರು ಮೆಟ್ಟಿಲು ನಮಗೆ. ಇಂಗ್ಲಿಷಿನಲ್ಲಿ ಮೂವರೂ ‘ಹಿ’. ಒಬ್ಬ ಹುಡುಗ ‘ಹೆಡ್ ಮಾಸ್ಟರಿಗೆ ಹಿ ಅಂದ್ರ ಹೊಡೀತಾರಕ್ಕಾ’ ಅಂದ. ಈ ಸಂಕಟ ಬ್ರೆಜಿಲ್‌ನವನಿಗೆ ಬೇರೆ ಥರ, ಅವನದು ‘ಯು’ನಲ್ಲಿ. ಅವನ ಊರಲ್ಲಿ ನಮ್ಮ ಅವ್ವನಂಥವರಿಗೆ ‘ಅ ಸೆನ್ಯೋರಾ’ ಅನ್ನಬೇಕು, ಗೆಳೆಯನಿಗೆ ‘ವೊಸೆ’. ಆ ವೊಸೆ ಕೂಡ ಒಂದು ಕಾಲದಲ್ಲಿ ದೊಡ್ಡ ಮರ್ಯಾದೆಯ ಮಾತು, ‘ವೊಸ್ಸ ಮೆರ್ಸೆ’, ಅಂದರೆ ತಮ್ಮ ಕೃಪೆ ಅನ್ನೋ ಥರ. ಬಾಯಿಂದ ಬಾಯಿಗೆ ಸವೆದು ವೊಸೆ ಆಯಿತು. ಇಂಗ್ಲಿಷಿನ ‘ಯು’ ಕೂಡ ಹಿಂದೆ ಬಹುವಚನ, ನಮ್ಮ ನೀವು ಇದ್ದ ಹಾಗೆ. ನೀನು ಅನ್ನೋಕೆ ‘ದೌ’ ಇತ್ತು. ಎಲ್ಲರಿಗೂ ನೀವು ಅಂತ ಅಂತ ನೀನು ಮರೆತೇ ಹೋಯಿತು. ಹಾಗಾಗಿ ‘ಯು’ ಅಂದರೆ ಮರ್ಯಾದೆ ಕಡಿಮೆ ಆಗಲ್ಲ ಅಂತ ಸಮಾಧಾನ ಹೇಳಿದೆ. ಅವನಿಗೆ ಸಮಾಧಾನ ಆಗಲಿಲ್ಲ. ನಮ್ಮ ‘ರೀ’ ಹಿಡಿದುಕೊಂಡ. ‘ಯು ಆರ್ ವೆರಿ ಗುಡ್ ಕುಕ್ ರೀ’ ಅಂತ ಅವ್ವನಿಗೆ ಹೇಳಿದ ದಿನ ಅವ್ವ ಅವನಿಗೆ ಎರಡು ರೊಟ್ಟಿ ಜಾಸ್ತಿ ಹಾಕಿದಳು, ಬೆಣ್ಣೆ ಸಮೇತ.

ಇಷ್ಟೆಲ್ಲಾ ನಡೆಯುವಾಗ ಅವ್ವ ಅವನನ್ನು ಮಾತಾಡಿಸುತ್ತಿದ್ದದ್ದು ಹೀಗೆ: ‘ಬಂದ್ಯಾ? ಉಂಡ್ಯಾ? ಮಕ್ಕೋ ಹೋಗು.’ ಒಂದರಲ್ಲೂ ನೀನು ಇಲ್ಲ. ಅವನಿಗೆ ಎಲ್ಲಾ ಅರ್ಥ ಆಗುತ್ತಿತ್ತು.

ಜನವರಿಯಲ್ಲಿ ಗೋವಾಕ್ಕೆ ಹೋದ. ಈಗ ಬೇಸಿಗೆ, ಹೊಳೆ ಇಳಿದಿದೆ, ದಡದ ಬಂಡೆಗಳ ಬುಡ ಕಾಣುತ್ತಿದೆ. ಮಾವ ತೆಪ್ಪಕ್ಕೆ ಡಾಂಬರು ಬಳಿಯೋಕೆ ಅಲ್ಲೇ ಹೋಗಿ ಬರುತ್ತಾರೆ. ಮೊನ್ನೆ ಮಧ್ಯಾಹ್ನ ಅವರು ಬಂದು ಕಟ್ಟೆ ಮೇಲೆ ಕೂತಾಗ ಅವ್ವ ನೀರು ಕೊಡುತ್ತಾ ಕೇಳಿದಳು, ‘ಸಿಕ್ಕಳೇನು?’

‘ಇಲ್ಲಕ್ಕ,’ ಅಂದರು ಮಾವ, ‘ಇನ್ನಾ ಈಜಾಕತ್ತಾಳ.’