ಲಿವರ್‌ಪೂಲ್‌ನಲ್ಲಿ ಸಿಗದ ಪತ್ರಿಕೆ

ಬ್ರಿಟನ್ನಿನ ಊರೂರಲ್ಲಿ ಮಾರಾಟವಾಗುವ ‘ದಿ ಸನ್’ ಪತ್ರಿಕೆ ಲಿವರ್‌ಪೂಲ್‌ನ ಬಹಳಷ್ಟು ಅಂಗಡಿಗಳಲ್ಲಿ ಸಿಗುವುದಿಲ್ಲ. ಒಂದು ಊರಿಗೆ ಊರೇ ಮೂರು ದಶಕಗಳಿಗೂ ಹೆಚ್ಚು ಕಾಲ ಒಂದು ಪತ್ರಿಕೆಯನ್ನು ಹೊರಗಿಟ್ಟಿದೆಯೆಂದರೆ ಅದರ ಕಾರಣವನ್ನು ಅಲ್ಲೇ ಹೋಗಿ ಕೇಳಬೇಕು ಎಂಬ ಆಸೆ ನನಗಿತ್ತು. ಲಂಡನ್ನಿನ ಯೂಸ್ಟನ್‌ನಿಂದ ಹೊರಟ ರೈಲು ಎರಡು ಗಂಟೆಗೆ ಸ್ವಲ್ಪ ಮೇಲ್ಪಟ್ಟು ಲೈಮ್ ಸ್ಟ್ರೀಟ್ ನಿಲ್ದಾಣಕ್ಕೆ ತಂದಿಳಿಸಿತು. ಅಲ್ಲಿಂದ ಬಸ್ ಹಿಡಿದು ನೇರವಾಗಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆನ್‌ಫೀಲ್ಡ್ ಕ್ರೀಡಾಂಗಣಕ್ಕೆ ಹೋದೆ.

ಕ್ರೀಡಾಂಗಣದ ಹೊರಗಿನ ಸ್ಮಾರಕದಲ್ಲಿ 97 ಹೆಸರುಗಳಿವೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನಕ್ಕೆ ಪಂದ್ಯ ನೋಡಲು ಹೋಗಿ, ಕಿಕ್ಕಿರಿದ ಜನಸಂದಣಿಯಲ್ಲಿ ನಲುಗಿ ಪ್ರಾಣ ಕಳೆದುಕೊಂಡವರ ಹೆಸರುಗಳು. ಅವರಲ್ಲಿ ಅತಿ ಕಿರಿಯನಿಗೆ ಹತ್ತು ವರ್ಷ. ಆ ಹೆಸರಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ದುರಂತ ನಡೆದ ನಾಲ್ಕನೆಯ ದಿನ ‘ದಿ ಸನ್’ ಮುಖಪುಟದಲ್ಲಿ ‘ಸತ್ಯ’ ಎಂಬ ಭಾರೀ ತಲೆಬರಹ ಹಾಕಿತು. ಲಿವರ್‌ಪೂಲ್ ಅಭಿಮಾನಿಗಳು ಸತ್ತವರ ಜೇಬಿಗೆ ಕೈ ಹಾಕಿದರು, ನೆರವಿಗೆ ಬಂದ ಪೊಲೀಸರ ಮೇಲೆ ಮೂತ್ರ ಮಾಡಿದರು ಎಂದು ಬರೆಯಿತು. ಅದು ಅಪ್ಪಟ ಸುಳ್ಳು. ಆದರೂ ದೇಶದ ಬಹುಜನ ನಂಬಿದರು. ನಂಬುವುದಕ್ಕೆ ನೆಲ ಮೊದಲೇ ಹದವಾಗಿತ್ತು. ಬಂದರಿನ ಕೆಲಸ ಹೋಗಿ, ನಿರುದ್ಯೋಗ ತುಂಬಿದ್ದ ಆ ಊರಿನವರೆಂದರೆ ಕಳ್ಳರು, ಸೋಮಾರಿಗಳು, ಸದಾ ಗೊಣಗುವವರು ಎಂಬ ಚಿತ್ರ ಆಗಲೇ ಇತ್ತು. 2012ರ ಸ್ವತಂತ್ರ ಸಮಿತಿಯ ವರದಿ ಬರುವವರೆಗೆ, ಅಂದರೆ 23 ವರ್ಷ, ಆ ಪುಟ ಈ ಊರಿನ ಬೆನ್ನು ಬಿಡಲಿಲ್ಲ. ಅಭಿಮಾನಿಗಳ ತಪ್ಪೇನೂ ಇರಲಿಲ್ಲ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂದು ನ್ಯಾಯದರ್ಶಿ ಮಂಡಳಿ ಹೇಳಿದ್ದು 2016ರಲ್ಲಿ.

ಹೂವಿಡಲು ಬಂದಿದ್ದ ಹಿರಿಯ ಮಹಿಳೆಯೊಬ್ಬರು ತಾವಾಗಿಯೇ ಮಾತಿಗೆಳೆದರು. “ನಮ್ಮಣ್ಣ ಅಲ್ಲಿಂದ ಜೀವಂತ ಬಂದ. ಆದರೆ ಹೊರಗಿನ ಊರಿಗೆ ಕೆಲಸಕ್ಕೆ ಹೋದರೆ ಜನ ಅವನ ಕೈಯನ್ನು ನೋಡುತ್ತಿದ್ದರು, ಹೆಣದ ಜೇಬಿಗೆ ಹೋದ ಕೈ ಇದೇನಾ ಎನ್ನುವ ಹಾಗೆ,” ಎಂದರು. ರಾಷ್ಟ್ರಗೀತೆ ನುಡಿಸಿದಾಗ ಇಲ್ಲಿನ ಅಭಿಮಾನಿಗಳು ಕೂಗಿ ಪ್ರತಿಭಟಿಸುವುದೇಕೆ ಎಂದು ಕೇಳಿದೆ. 2023ರಲ್ಲಿ ರಾಜನ ಪಟ್ಟಾಭಿಷೇಕದ ದಿನವೂ ಹಾಗೆಯೇ ಆಗಿತ್ತು. “ನಮ್ಮ ಕಷ್ಟದಲ್ಲಿ ದೇಶ ಎಲ್ಲಿತ್ತು?” ಎಂದಷ್ಟೇ ಕೇಳಿದರು. ಅದು ದೇಶದ್ರೋಹವೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

1989ರಲ್ಲಿ ಆ ಪತ್ರಿಕೆಯ ಸಂಪಾದಕರಾಗಿದ್ದ ಕೆಲ್ವಿನ್ ಮೆಕೆಂಜಿ 2017ರ ಏಪ್ರಿಲ್‌ನಲ್ಲಿ, ಹಿಲ್ಸ್‌ಬರೊ ವಾರ್ಷಿಕ ದಿನದ ಮುನ್ನಾದಿನ, ಅದೇ ಪತ್ರಿಕೆಯ ಅಂಕಣದಲ್ಲಿ ಇದೇ ಊರಿನ ಇನ್ನೊಂದು ಫುಟ್‌ಬಾಲ್ ತಂಡವಾದ ಎವರ್ಟನ್‌ನ ಆಟಗಾರ ರಾಸ್ ಬಾರ್ಕ್ಲಿಯನ್ನು ಗೊರಿಲ್ಲಾಕ್ಕೆ ಹೋಲಿಸಿದರು. ಬಾರ್ಕ್ಲಿಯ ಅಜ್ಜ ನೈಜೀರಿಯಾದಲ್ಲಿ ಹುಟ್ಟಿದವರು. ಅದು ತನಗೆ ತಿಳಿದಿರಲಿಲ್ಲ ಎಂದರು ಮೆಕೆಂಜಿ. ಊರಿಗೆ ಅಂಟಿಸಿದ ಹಣೆಪಟ್ಟಿಯೂ ಚರ್ಮಕ್ಕೆ ಅಂಟಿಸಿದ ಹಣೆಪಟ್ಟಿಯೂ ಒಂದೇ ಅಂಕಣದಲ್ಲಿ ಸೇರಿಕೊಂಡದ್ದು ಆಕಸ್ಮಿಕವಲ್ಲ ಎಂದೇ ನನ್ನ ನಂಬಿಕೆ. ಆ ಎರಡನೆಯದರ ಬೇರು ಇದೇ ಊರಿನ ಬಂದರಿನಲ್ಲೂ ಇದೆ.

ವಾಟರ್ ಸ್ಟ್ರೀಟ್‌ನಲ್ಲಿ 1932ರಲ್ಲಿ ಪೂರ್ಣಗೊಂಡ ಮಾರ್ಟಿನ್ಸ್ ಬ್ಯಾಂಕ್ ಕಟ್ಟಡವಿದೆ. ಬಾಗಿಲ ಬಳಿಯ ಉಬ್ಬುಶಿಲ್ಪದಲ್ಲಿ ಹಣದ ಚೀಲ ಹಿಡಿದ ಆಫ್ರಿಕನ್ ಬಾಲಕರಿದ್ದಾರೆ. ಗುಲಾಮರ ವ್ಯಾಪಾರ ನಿಷೇಧವಾದದ್ದು 1807ರಲ್ಲಿ. ಅದಾಗಿ ನೂರಿಪ್ಪತ್ತೈದು ವರ್ಷಗಳ ನಂತರವೂ ಅದನ್ನು ವೈಭವವೆಂದೇ ಕೆತ್ತಿಸಿದ್ದಾರೆ! ಲಿವರ್‌ಪೂಲ್‌ನ ಹಡಗುಗಳು ಸಾಗಿಸಿದ ಆಫ್ರಿಕನ್ನರ ಸಂಖ್ಯೆ ಸುಮಾರು 15 ಲಕ್ಷ. ಆಲ್ಬರ್ಟ್ ಡಾಕ್‌ನಲ್ಲಿ 2007ರಲ್ಲಿ ತೆರೆದ ಅಂತರರಾಷ್ಟ್ರೀಯ ಗುಲಾಮಗಿರಿ ವಸ್ತುಸಂಗ್ರಹಾಲಯ ಇದನ್ನೆಲ್ಲ ಮುಚ್ಚಿಡದೆ ಹೇಳುತ್ತದೆ. ನವೀಕರಣಕ್ಕೆ ಬಾಗಿಲು ಹಾಕುವ ಮೊದಲೇ ಅದನ್ನು ನೋಡಿದ್ದು ನನ್ನ ಪುಣ್ಯ. ನಗರಸಭೆ 1999ರಲ್ಲೇ ಔಪಚಾರಿಕವಾಗಿ ಕ್ಷಮೆ ಕೇಳಿತ್ತು. ಅನ್ಯಾಯದ ಪೆಟ್ಟು ತಿಂದ ಊರು ತಾನು ಕೊಟ್ಟ ಪೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಈ ಊರಿನ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕಾಗಿ.

ಸೇಂಟ್ ಜಾನ್ಸ್ ಉದ್ಯಾನದಲ್ಲಿ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ಪ್ರತಿಮೆಯಿದೆ. ಅವರ ತಂದೆ ಜಾನ್ ಗ್ಲ್ಯಾಡ್‌ಸ್ಟನ್ ಈ ಊರಿನ ದೊಡ್ಡ ವ್ಯಾಪಾರಿ. ಗುಲಾಮಗಿರಿ ರದ್ದಾದಾಗ ಅವರ ಒಡೆತನದಲ್ಲಿದ್ದ 2,508 ಗುಲಾಮರ ‘ನಷ್ಟ’ಕ್ಕೆ ಸರ್ಕಾರ ಅವರಿಗೆ ಒಂದು ಲಕ್ಷ ಪೌಂಡಿಗೂ ಮೀರಿದ ಪರಿಹಾರ ಕೊಟ್ಟಿತು. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಅವರ ಜಾಗಕ್ಕೆ ಆಳು ಬೇಕೆಂದು ಜಾನ್ ಗ್ಲ್ಯಾಡ್‌ಸ್ಟನ್ ಕಣ್ಣು ಹಾಯಿಸಿದ್ದು ನಮ್ಮ ದೇಶದತ್ತ. 1838ರಲ್ಲಿ ಕಲ್ಕತ್ತೆಯಿಂದ ‘ವಿಟ್ಬಿ’, ‘ಹೆಸ್ಪೆರಸ್’ ಎಂಬ ಹಡಗುಗಳು ಭಾರತದ ಕೂಲಿಗಳನ್ನು ಕರಾರಿನ ಮೇಲೆ ಅವರ ತೋಟಗಳಿದ್ದ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ಹೊತ್ತೊಯ್ದವು. 2023ರಲ್ಲಿ ಗ್ಲ್ಯಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಹೋಗಿ ಕ್ಷಮೆ ಯಾಚಿಸಿದರು. ಪ್ರಧಾನಿಯ ಪ್ರತಿಮೆಯನ್ನು ಕೆಡವಬೇಕೆಂದು ನಾನು ಹೇಳುವುದಿಲ್ಲ. ಅದರ ಪಕ್ಕದಲ್ಲೊಂದು ಫಲಕ ನೆಟ್ಟು, ಆ ಎರಡು ಹಡಗುಗಳ ಹೆಸರನ್ನೂ ಅವು ಹೊರಟ ಬಂದರಿನ ಹೆಸರನ್ನೂ ಬರೆಯಲಿ.