ಮುಟ್ಟು ನಿಂತ ಮೇಲಿನ ಮರೆವಿಗೆ ಯಾವ ಗಿಡಮೂಲಿಕೆ ಮಾತ್ರೆ ಒಳ್ಳೆಯದು?

“ಮೇಡಂ, ಮುಟ್ಟು ನಿಂತ ಮೇಲೆ ಏನೂ ನೆನಪಿರುವುದಿಲ್ಲ. ಅಡ್ಡಪರಿಣಾಮ ಇಲ್ಲದ, ಗಿಡಮೂಲಿಕೆಯದೇ ಒಂದು ಒಳ್ಳೆಯ ಮಾತ್ರೆ ಕೊಡಿ.” ಚಿಕ್ಕಮಗಳೂರಿನಲ್ಲಿ ಔಷಧ ಅಂಗಡಿ ನಡೆಸುವ ನನ್ನನ್ನು ಹೆಂಗಸರು ಅತಿ ಹೆಚ್ಚು ಕೇಳುವುದು ಇದನ್ನೇ. ಆಲ್ದೂರು, ಮೂಡಿಗೆರೆ, ಕಳಸದ ಕಡೆಯಿಂದ ಆಸ್ಪತ್ರೆಗೆಂದು ಬಂದವರು, ಶಾಲೆಯ ಶಿಕ್ಷಕಿಯರು, ತೋಟದಲ್ಲಿ ಕೆಲಸ ಮಾಡುವವರು, ತೋಟದ ಒಡತಿಯರು, ಎಲ್ಲರೂ ಬೇರೆ ಗಿರಾಕಿಗಳು ಹೋಗುವವರೆಗೆ ಕಾಯುತ್ತಾರೆ, ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ. ಕೆಲವರು ಮೊಬೈಲ್‌ನಲ್ಲಿ ಜಾಹೀರಾತನ್ನೇ ತೋರಿಸುತ್ತಾರೆ: ಸೋಯಾ, ಬ್ರಾಹ್ಮಿ, ಗಿಂಕ್ಗೊ ಎಂಬ ಚೀನಾ ಮೂಲದ ಮರದ ಎಲೆಯ ಸಾರ, ಅಶ್ವಗಂಧ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆನಪಿಗಾಗಿ ಇದನ್ನು ಕೊಳ್ಳಿ ಎಂದು ಧೈರ್ಯವಾಗಿ ಎತ್ತಿ ಕೊಡಬಲ್ಲ ಗಿಡಮೂಲಿಕೆ ಮಾತ್ರೆ ನನ್ನ ಕಪಾಟಿನಲ್ಲಿ ಒಂದೂ ಇಲ್ಲ. ಆದರೆ ನೀವು ಹೇಳುವ ಮರೆವು ನಿಜ. ಅದಕ್ಕೆ ಕಾರಣ ಹುಡುಕಬೇಕು, ಮತ್ತು ಆ ಹುಡುಕಾಟಕ್ಕೆ ತಗಲುವ ಖರ್ಚು ಬಹಳ ಸಲ ಒಂದು ಸೀಸೆ ಮಾತ್ರೆಯ ಬೆಲೆಗಿಂತ ಕಡಿಮೆ.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ. ಅದಕ್ಕೂ ಮುಂಚಿನ ಕೆಲವು ವರ್ಷಗಳಿಂದಲೇ ಈಸ್ಟ್ರೊಜೆನ್ ಹಾರ್ಮೋನು ಏರಿಳಿಯತೊಡಗುತ್ತದೆ. ಮೆದುಳಿನಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಈ ಹಾರ್ಮೋನಿಗೆ ಸ್ಪಂದಿಸುತ್ತದೆ. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಒಳಕೋಣೆಗೆ ಏಕೆ ಬಂದೆ ಎಂದು ತಿಳಿಯದೆ ನಿಲ್ಲುವುದು, ಸಂಘದ ಲೆಕ್ಕ ಬರೆಯುವಾಗ ಒಂದೇ ಸಾಲನ್ನು ಮತ್ತೆ ಕೂಡುವುದು ಈ ಕಾಲದಲ್ಲಿ ಹೆಚ್ಚುತ್ತದೆ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ‘ಸ್ವಾನ್’ ಅಧ್ಯಯನ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸುತ್ತ ಬಂತು. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ನೆನಪಿನ ಪರೀಕ್ಷೆಗಳ ಫಲಿತಾಂಶವನ್ನು ಅದರ ತಂಡ 2009ರಲ್ಲಿ ಪ್ರಕಟಿಸಿತು. ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಎದುರಿಸಿದರೆ ಅಭ್ಯಾಸಬಲದಿಂದ ಅಂಕ ಸ್ವಲ್ಪ ಏರುವುದು ಸಹಜ. ಮುಟ್ಟು ಏರುಪೇರಾಗಿ ನಿಲ್ಲುವ ಹಂತದಲ್ಲಿದ್ದವರಿಗೆ ಆ ಏರಿಕೆ ಕಾಣಲಿಲ್ಲ. ಮುಟ್ಟು ಪೂರ್ತಿ ನಿಂತವರಲ್ಲಿ ಅದು ಮರಳಿತ್ತು.

ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಈ ಮರೆವು ಬಹುಪಾಲು ಹೆಂಗಸರಿಗೆ ಡಿಮೆನ್ಶಿಯಾದ, ಅಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಂದುತ್ತಲೇ ಹೋಗುವ ಕಾಯಿಲೆಯ, ಮೊದಲ ಮೆಟ್ಟಿಲಲ್ಲ, ತಾನಾಗಿ ತಿಳಿಯಾಗುತ್ತದೆ. ಆದರೆ ತಿಳಿಯಾಗುವ ಹೊತ್ತಿಗೆ ಯಾವ ಸೀಸೆ ಕೈಯಲ್ಲಿರುತ್ತದೋ ಕೀರ್ತಿ ಅದಕ್ಕೆ ಸಲ್ಲುತ್ತದೆ. “ನನ್ನ ಅತ್ತಿಗೆಗೆ ಇದರಿಂದಲೇ ಗುಣವಾಯಿತು” ಎಂಬ ಮಾತು ಊರೂರು ಹಬ್ಬುವುದು ಹೀಗೆ. ಅದಕ್ಕಾಗಿಯೇ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ ಕೊಟ್ಟು ಹೋಲಿಸಿದ ಪರೀಕ್ಷೆಗಳನ್ನು ಮಾತ್ರ ನಾನು ನಂಬುತ್ತೇನೆ.

ಸೋಯಾದ ವಿಷಯದಲ್ಲಿ ಅಂಥ ಪರೀಕ್ಷೆಗಳು ಚೆನ್ನಾಗಿಯೇ ನಡೆದಿವೆ. ಸೋಯಾದಲ್ಲಿರುವ ಐಸೊಫ್ಲೇವೊನ್‌ಗಳು ದೇಹದಲ್ಲಿ ಈಸ್ಟ್ರೊಜೆನ್‌ನಂತೆ ತುಸು ಕೆಲಸ ಮಾಡುತ್ತವೆ. ಹಾಗಾದರೆ ಹಾರ್ಮೋನು ಇಳಿದಾಗ ಇವು ಮೆದುಳಿಗೆ ಆಸರೆಯಾಗಬಹುದಲ್ಲ ಎಂಬ ಊಹೆ ಸಹಜವೇ. ನೆದರ್ಲೆಂಡ್ಸ್‌ನಲ್ಲಿ 60ರಿಂದ 75 ವರ್ಷದ 202 ಹೆಂಗಸರ ಮೇಲೆ ಒಂದು ವರ್ಷ ಪರೀಕ್ಷಿಸಿದರು. 2004ರಲ್ಲಿ ಬಂದ ಫಲಿತಾಂಶದಲ್ಲಿ ನೆನಪಿಗೂ ಲಾಭವಿರಲಿಲ್ಲ, ಮೂಳೆಗೂ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 350 ಹೆಂಗಸರಿಗೆ ಎರಡೂವರೆ ವರ್ಷ ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಅಥವಾ ಹಾಲಿನ ಪ್ರೋಟೀನ್ ಕೊಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಒಟ್ಟಾರೆ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಣ್ಣಿಂದ ನೋಡಿದ್ದನ್ನು ನೆನಪಿಡುವ ಒಂದು ಅಂಶದಲ್ಲಿ ಮಾತ್ರ ಸೋಯಾ ಗುಂಪು ಸ್ವಲ್ಪ ಮುಂದಿತ್ತು. ಜಾಹೀರಾತು ಬರೆಯುವವರು ಆ ಒಂದು ಅಂಶವನ್ನು ಹಿಡಿದುಕೊಳ್ಳುತ್ತಾರೆ. ನಾನು ಇಡೀ ಫಲಿತಾಂಶವನ್ನು ನೋಡುತ್ತೇನೆ. ಸೋಯಾ ಕಾಳನ್ನು ಪಲ್ಯ ಮಾಡಿ ತಿನ್ನಿ, ಒಳ್ಳೆಯ ಪ್ರೋಟೀನ್. ಮಾತ್ರೆ ಬೇಡ.

ಹಾಗಾದರೆ ನಿಜವಾದ ಹಾರ್ಮೋನನ್ನೇ ತೆಗೆದುಕೊಂಡರೆ? ಅಮೆರಿಕದಲ್ಲಿ 65 ದಾಟಿದ ಹೆಂಗಸರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಒಟ್ಟಿಗೆ ಕೊಟ್ಟಾಗ ಡಿಮೆನ್ಶಿಯಾದ ಅಪಾಯ ಸುಮಾರು ಎರಡರಷ್ಟಾಯಿತು ಎಂದು 2003ರಲ್ಲಿ ತಿಳಿಯಿತು. ಮುಟ್ಟು ನಿಂತ ಹೊಸದರಲ್ಲಿ ಮೈ ಬಿಸಿಯೇರಿ ಬೆವರುವ ತೊಂದರೆಗೆ ಹಾರ್ಮೋನು ಒಳ್ಳೆಯ ಚಿಕಿತ್ಸೆಯೇ, ಸ್ತ್ರೀರೋಗ ತಜ್ಞರೊಂದಿಗೆ ಮಾತನಾಡಿ. ನೆನಪಿಗಾಗಿ ಎಂದು ಅದನ್ನು ಕೊಡುವುದಿಲ್ಲ.

ಬ್ರಾಹ್ಮಿಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅದರ ಮೇಲೆ ಪ್ರೀತಿ ಇದೆ. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ದುಂಡೆಲೆಯ ಒಂದೆಲಗ ಹಬ್ಬಿರುತ್ತದೆ. ಅದನ್ನೇ ಬ್ರಾಹ್ಮಿ ಎಂದು ಕರೆದು ತಂಬುಳಿ, ಚಟ್ನಿ ಮಾಡುತ್ತೇವೆ, ಪರೀಕ್ಷೆ ಹತ್ತಿರವಾದಾಗ ಮಕ್ಕಳಿಗೆ ತಿನ್ನಿಸುತ್ತೇವೆ. ಅದರ ಸಸ್ಯಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಬಹುಪಾಲು ಸಂಶೋಧನೆ ನಡೆದಿರುವುದು ಇನ್ನೊಂದು ಗಿಡದ ಮೇಲೆ: ಜವುಗಿನಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಗಳ ನೀರು ಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು, ಒಳಗಿನ ರಾಸಾಯನಿಕಗಳೂ ಬೇರೆ. ಒಂದರ ಮೇಲಿನ ಫಲಿತಾಂಶ ಇನ್ನೊಂದಕ್ಕೆ ಸಲ್ಲುವುದಿಲ್ಲ.

ನೀರು ಬ್ರಾಹ್ಮಿಯ ಸಾರದ ಮೇಲೆ ಆಸ್ಟ್ರೇಲಿಯಾದಲ್ಲಿ 2002ರಲ್ಲಿ ಮತ್ತು 2010ರಲ್ಲಿ, ಅಮೆರಿಕದಲ್ಲಿ 2008ರಲ್ಲಿ ಹುಸಿ ಮಾತ್ರೆಯೊಂದಿಗೆ ಹೋಲಿಸಿದ ಪರೀಕ್ಷೆಗಳು ಪ್ರಕಟವಾದವು. ಮೂರು ತಿಂಗಳು ತೆಗೆದುಕೊಂಡವರು, ಕಲಿತ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವುದರಲ್ಲಿ ತುಸು ಮುಂದಿದ್ದರು. ಗಿಡಮೂಲಿಕೆಗಳ ಪೈಕಿ ಇಷ್ಟಾದರೂ ತೋರಿಸಿದ್ದು ಇದು, ಹಾಗಾಗಿ ನಾನು ಇದನ್ನು ತಳ್ಳಿಹಾಕುವುದಿಲ್ಲ. ಆದರೆ ಒಂದೊಂದರಲ್ಲೂ ನೂರಕ್ಕಿಂತ ಕಡಿಮೆ ಜನ. ಮುಟ್ಟು ನಿಂತ ಹೆಂಗಸರನ್ನೇ ಆರಿಸಿ ಮಾಡಿದವೂ ಅಲ್ಲ. ಹೊಟ್ಟೆ ನುಲಿತ, ವಾಕರಿಕೆ, ಪದೇ ಪದೇ ಶೌಚಕ್ಕೆ ಹೋಗುವುದು ಮಾತ್ರೆ ನುಂಗಿದವರಲ್ಲಿ ಹೆಚ್ಚಾಗಿತ್ತು. ವೈದ್ಯರಿಗೆ ಹೇಳಿ ಮೂರು ತಿಂಗಳು ನೋಡುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಒಂದೆಲಗದ ತಂಬುಳಿಯನ್ನಂತೂ ಖಂಡಿತ ಮಾಡಿ, ಬೇಸಿಗೆಯಲ್ಲಿ ಅದಕ್ಕಿಂತ ಹಿತವಾದದ್ದು ಬೇಕೆ?

ಗಿಂಕ್ಗೊ ಬಗ್ಗೆ ಒಂದೇ ಮಾತು ಸಾಕು. 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಆರು ವರ್ಷ ಗಮನಿಸಿದ ಅಮೆರಿಕದ ಪರೀಕ್ಷೆಯಲ್ಲಿ ಅದು ಡಿಮೆನ್ಶಿಯಾವನ್ನು ತಡೆಯಲಿಲ್ಲ. 2008ರಲ್ಲೇ ಇದು ತಿಳಿದಿದೆ.

“ಗಿಡಮೂಲಿಕೆ ತಾನೆ, ಕೆಡುಕಂತೂ ಇಲ್ಲವಲ್ಲ” ಎನ್ನುವವರಿಗೆ ನಾನು ಕೈಮುಗಿದು ಹೇಳುತ್ತೇನೆ: ಇದೆ. ಗಿಂಕ್ಗೊ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಭಯ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಕಾಳುಮೆಣಸಿನ ಸಾರ ಬೆರೆಸಿದ ಅರಿಶಿನದ ಮಾತ್ರೆಗಳಿಂದಲೂ ಹಾಗೆಯೇ ಆಗಿದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವ ಹೊತ್ತಿಗೇ ಸೋಯಾ ತೆಗೆದುಕೊಂಡರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಸೋಯಾ ಸಾರದ ಮಾತ್ರೆಯನ್ನು ಮುಟ್ಟಲೇಬಾರದು. ಇನ್ನು ಕಾನೂನಿನ ಮಾತು. ನಮ್ಮ 1945ರ ಔಷಧ ನಿಯಮಗಳಲ್ಲಿ ‘ಜೆ’ ಎಂಬ ಅನುಸೂಚಿ ಇದೆ. ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿ ಅದು. ಮೆದುಳಿನ ಸಾಮರ್ಥ್ಯ ಹೆಚ್ಚಿಸುವುದು ಮತ್ತು ಜ್ಞಾಪಕಶಕ್ತಿ ಸುಧಾರಿಸುವುದು ಆ ಪಟ್ಟಿಯಲ್ಲಿವೆ. ಪೂರಕ ಆಹಾರ ಎಂದು ಮಾರುವ ಡಬ್ಬಿಗಳ ಮೇಲೆ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂಬ ಅರ್ಥದ ಸಾಲು ಇರಬೇಕೆಂಬ ನಿಯಮವೂ ಇದೆ. ಡಬ್ಬಿಯನ್ನು ತಿರುಗಿಸಿ ಆ ಸಾಲನ್ನು ಓದಿ.

ಹಾಗಾದರೆ ಏನು ಮಾಡಬೇಕು? ಮೊದಲು ಬಿ12. ಇದು ಕಡಿಮೆಯಾದರೆ ಮರೆವು, ಮಂಕು, ಪಾದಗಳಲ್ಲಿ ಜುಮ್ಮೆನ್ನುವುದು, ನಾಲಿಗೆ ಉರಿ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸಸ್ಯಾಹಾರಿಗಳಲ್ಲಿ ಕೊರತೆ ಬಹಳ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಹುಳಿತೇಗಿಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇನ್ನೂ ಹೆಚ್ಚು. ನನ್ನ ಅಂಗಡಿಗೆ ಬರುವ ಐವತ್ತು ದಾಟಿದ ಹೆಂಗಸರಲ್ಲಿ ಈ ಎರಡೂ ಮಾತ್ರೆ ನುಂಗುವವರು ಎಷ್ಟೊಂದು ಜನ! ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಹೋಗುತ್ತದೆ. ತುಂಬ ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೆಯೂ ಇರಬಹುದು. ಬಿ12 ಕೊರತೆ ಇರುವವರು ತಿಂಗಳುಗಟ್ಟಲೆ ಬ್ರಾಹ್ಮಿ ಮಾತ್ರೆ ನುಂಗುತ್ತ ಕಾಲ ಕಳೆಯುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅದೇ ರಕ್ತದಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆಯನ್ನೂ ನೋಡಿಸಿ, ಜೊತೆಗೆ ರಕ್ತದೊತ್ತಡ. ಆಮೇಲೆ ನಿದ್ದೆ. ರಾತ್ರಿ ಮೈ ಬೆವೆತು ಎರಡು ಮೂರು ಸಲ ಏಳುವವರಿಗೆ ಹಗಲು ನೆನಪು ಹೇಗೆ ನಿಂತೀತು? ನಿದ್ದೆಗೆಂದು ಯಾವಾಗಲೋ ಬರೆದುಕೊಟ್ಟ ಅಲ್ಪ್ರಜೋಲಾಂ ಅನ್ನು ವರ್ಷಗಟ್ಟಲೆ ಮುಂದುವರಿಸಿದವರೂ ಇದ್ದಾರೆ. ಆ ಮಾತ್ರೆಯೇ ಮರೆವು ತರುತ್ತದೆ. ತಟ್ಟನೆ ನಿಲ್ಲಿಸಬಾರದು, ವೈದ್ಯರ ಮಾತಿನಂತೆ ಇಳಿಸುತ್ತ ಬರಬೇಕು. ಮನಸ್ಸು ಕುಗ್ಗಿದಾಗಲೂ ಮರೆವು ಬರುತ್ತದೆ, ಅದನ್ನು ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ.

ಕಾಫಿಯ ನಾಡಿನವರು ಕಾಫಿಯ ಬಗ್ಗೆ ಕೇಳದೆ ಬಿಡುವುದಿಲ್ಲ. 65 ದಾಟಿದ ಅಮೆರಿಕದ ಹೆಂಗಸರಲ್ಲಿ ಕೆಫೀನ್ ಹೆಚ್ಚು ಸೇವಿಸುತ್ತಿದ್ದವರಿಗೆ ಡಿಮೆನ್ಶಿಯಾ ಕಡಿಮೆ ಕಂಡಿತ್ತು, 2016ರಲ್ಲಿ ಬಂದ ವರದಿ. ಅದು ಕೇವಲ ಗಮನಿಸಿ ಬರೆದದ್ದು, ಕಾಫಿಯೇ ಕಾರಣ ಎಂದಲ್ಲ. ಬೆಳಗಿನ ಕಾಫಿ ಕುಡಿಯಿರಿ. ಸಂಜೆಯ ಲೋಟ ನಿದ್ದೆ ಕೆಡಿಸುತ್ತಿದ್ದರೆ ಬಿಡಿ. ಕಬ್ಬಿಣಾಂಶದ ಮಾತ್ರೆಯ ಜೊತೆಗಂತೂ ಬೇಡ.

ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ಮೂವತ್ತೈದು, ನಲವತ್ತಕ್ಕೇ ತೆಗೆಸಿಕೊಂಡ ಹೆಂಗಸರು ನಮ್ಮಲ್ಲಿ ಇದ್ದಾರೆ. ಅವರ ಕಥೆ ಬೇರೆ. ಮುಟ್ಟು ನಿಲ್ಲುವ ವಯಸ್ಸಿಗೆ ಮುಂಚೆಯೇ ಅಂಡಾಶಯ ತೆಗೆದರೆ ಮುಂದೆ ನೆನಪಿನ ತೊಂದರೆಯ ಅಪಾಯ ಹೆಚ್ಚು ಎಂದು 2007ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಅಧ್ಯಯನ ತೋರಿಸಿದೆ. ಅಂಥವರು ಹಳೆಯ ಶಸ್ತ್ರಚಿಕಿತ್ಸೆಯ ಕಾಗದ ಹುಡುಕಿ, ಅಂಡಾಶಯ ಉಳಿದಿದೆಯೇ ಎಂದು ನೋಡಿಸಿಕೊಂಡು ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು.

ಹೋಗಿ ಬಂದು ಗೊತ್ತಿರುವ ದಾರಿಯೇ ತಪ್ಪುವುದು, ಮಾಡಿಕೊಂಡು ಬಂದ ಅಡುಗೆಯ ಕ್ರಮವೇ ಮರೆಯುವುದು, ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುವುದು, ಹಣದ ಲೆಕ್ಕ ಪೂರ್ತಿ ತಪ್ಪುವುದು, ಇಂಥದ್ದನ್ನು ಮನೆಯವರು ಗಮನಿಸಿದರೆ ಕಾಯಬೇಡಿ, ನರರೋಗ ತಜ್ಞರಿಗೆ ತೋರಿಸಿ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಬೆಂಗಳೂರಿನಿಂದ ಅಮ್ಮನಿಗೆ ಆನ್‌ಲೈನ್‌ನಲ್ಲಿ ಸೀಸೆ ಕಳುಹಿಸುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಬಂದಾಗ ಅವರ ಕಿವಿಯನ್ನು ಪರೀಕ್ಷೆ ಮಾಡಿಸಿ. ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿತು. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಕಿವಿ ಮಂದವಾಗುವುದು ದೊಡ್ಡದೊಂದು. ಸರಿಯಾಗಿ ಕೇಳಿಸದ ಮಾತನ್ನು ಅಮ್ಮ ಮರೆತರು ಎಂದು ಮನೆಯವರು ತಿಳಿದುಕೊಳ್ಳುವುದೂ ಉಂಟು. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ, ನೀವು ಕಳುಹಿಸಿದ ಸೀಸೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಕರೆದುಕೊಂಡು ಹೋಗಿ.