ಕೆಎ ನಂಬರಿನ ಕಾರು, ಸುನೌಲಿ ಗಡಿ ಮತ್ತು ಒಂದು ಭನ್ಸಾರ್ ಚೀಟಿ

ಬೆಂಗಳೂರಿಂದ ಸ್ವಂತ ಕಾರಲ್ಲಿ ನೇಪಾಳಕ್ಕೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಗಾಡಿ ಏರುತ್ತದಾ? ಏರುತ್ತದೆ. ಚಾರ್ಮಾಡಿ, ಆಗುಂಬೆ ಹತ್ತಿಳಿದ ಕೈಗೆ ನೇಪಾಳದ ಬೆಟ್ಟದೂರು ತಾನ್ಸೇನ್ ಕಡೆಯ ತಿರುವುಗಳು ಹೊಸದೇನಲ್ಲ. ಪ್ರವಾಸ ಕೆಡುವುದು ಘಾಟಿಯಲ್ಲಲ್ಲ, ಗಡಿಯ ಕಸ್ಟಮ್ಸ್ ಕಿಟಕಿಯ ಮುಂದೆ. ಅದೂ ಅಂಗೈಯಗಲದ ಭನ್ಸಾರ್ ಚೀಟಿಯಿಂದ, ಅಂದರೆ ಗಾಡಿಯ ಸುಂಕದ ರಸೀದಿಯಿಂದ.

ಮೊದಲು ದಾರಿ. ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ, ಪ್ರಯಾಗ್‌ರಾಜ್, ಗೋರಖ್‌ಪುರ, ಸುನೌಲಿ: ಒಟ್ಟು 2,000 ಕಿ.ಮೀ. ದಾಟುತ್ತದೆ. ಮಕ್ಕಳು, ಅಜ್ಜ-ಅಜ್ಜಿ ಇದ್ದರೆ ನಾಲ್ಕು ದಿನ ಇಟ್ಟುಕೊಳ್ಳಿ. ಮೂರಕ್ಕೆ ಮುಗಿಸಿದವರು ಗಡಿಯಲ್ಲಿ ನಿದ್ದೆಗಣ್ಣಲ್ಲಿ ಫಾರಂ ತುಂಬುತ್ತಾರೆ. ಕೊನೆಯ ರಾತ್ರಿ ಸುನೌಲಿಯಲ್ಲಿ ಬೇಡ, ಗೋರಖ್‌ಪುರದಲ್ಲಿ ಉಳಿಯಿರಿ. ಅಲ್ಲಿಂದ ಗಡಿ ಸುಮಾರು 100 ಕಿ.ಮೀ. ಬೆಳಗ್ಗೆ ಆರಕ್ಕೆ ಹೊರಟರೆ ಸಾಲು ಬೆಳೆಯುವ ಮೊದಲೇ ತಲುಪಬಹುದು. ಗಡಿ ಹತ್ತಿರವಾದಂತೆ ಲಾರಿಗಳು ಕಿಲೋಮೀಟರ್‌ಗಟ್ಟಲೆ ನಿಂತಿರುತ್ತವೆ. ಅದು ಸರಕಿನ ಸಾಲು, ಕಾರಿನವರು ಅದರ ಬಾಲಕ್ಕೆ ನಿಲ್ಲಬೇಕಿಲ್ಲ. ಡಿಸೆಂಬರ್-ಜನವರಿಯಲ್ಲಿ ಉತ್ತರ ಪ್ರದೇಶದ ಮಂಜು ಬಾನೆಟ್ಟನ್ನೇ ನುಂಗಿಬಿಡುತ್ತದೆ. ಆಗ ಆರಕ್ಕಲ್ಲ, ಬಿಸಿಲು ಬಿದ್ದ ಮೇಲೆ ಹೊರಡಿ.

ಜನರ ಕಾಗದ. ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ನಾವು ಎಲ್ಲದಕ್ಕೂ ಆಧಾರ್ ತೋರಿಸಿ ರೂಢಿ. ಇಲ್ಲಿ ಅದನ್ನು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ ನೆಚ್ಚಿಕೊಳ್ಳಿ. ನಡುವೆ ಸಿಕ್ಕಿಹಾಕಿಕೊಳ್ಳುವುದು ಹೈಸ್ಕೂಲು, ಪಿಯುಸಿ ಮಕ್ಕಳು: ವೋಟರ್ ಐಡಿ ಇನ್ನೂ ಬಂದಿಲ್ಲ, ಆಧಾರಿನ ವಯಸ್ಸು ದಾಟಿದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರಿಂದ ಫೋಟೊ ಸಹಿತ ಗುರುತಿನ ಪತ್ರ ಮಾಡಿಸಿ.

ಮನೆಯಲ್ಲಿ ಅಮೆರಿಕದ್ದೋ ಬ್ರಿಟನ್ನಿನದೋ ಪಾಸ್‌ಪೋರ್ಟಿನವರಿದ್ದರೆ ಅವರ ಲೆಕ್ಕವೇ ಬೇರೆ. ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡು) ಇದ್ದರೂ ನೇಪಾಳದ ವೀಸಾ ಬೇಕು. ಅದು ಗಡಿಯಲ್ಲೇ ಸಿಗುತ್ತದೆ. ಆದರೆ ಅದಕ್ಕೂ ಮೊದಲು ಭಾರತದ ಇಮಿಗ್ರೇಷನ್‌ನಲ್ಲಿ ನಿರ್ಗಮನದ ಮುದ್ರೆ ಬೀಳಬೇಕು. ಆ ಕಚೇರಿ ಅಂಗಡಿಗಳ ಸಾಲಿನಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಕಾರು ಹರಿಯುವ ವೇಗದಲ್ಲಿ ಗೇಟು ದಾಟಿಬಿಟ್ಟರೆ ನೇಪಾಳದವರು ಮುದ್ರೆ ಎಲ್ಲಿ ಎಂದು ವಾಪಸ್ ಕಳಿಸುತ್ತಾರೆ.

ಇನ್ನು ಗಾಡಿಯ ಕಾಗದ. ಆರ್‌ಸಿ, ಡಿಎಲ್, ವಿಮೆ, ಹೊಗೆ ತಪಾಸಣೆ ಎಲ್ಲವೂ ಕೈಯಲ್ಲಿರಲಿ, ಎರಡೆರಡು ಜೆರಾಕ್ಸ್ ಸಹಿತ. ಡಿಜಿಲಾಕರ್ ನಮ್ಮ ಪೊಲೀಸರಿಗೆ ಸರಿ, ಆ ಕಡೆಯವರಿಗೆ ಅದು ಬರೀ ಮೊಬೈಲು. ಆರ್‌ಸಿ ಅಪ್ಪನ ಹೆಸರಲ್ಲಿದ್ದು ಅಪ್ಪ ಮನೆಯಲ್ಲೇ ಉಳಿದಿದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಬಾಡಿಗೆಯ ಸೆಲ್ಫ್ ಡ್ರೈವ್ ಕಾರಿನ ಆಸೆ ಬಿಡಿ.

ವಿಮೆಯ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಮಾಮೂಲಿ ಪಾಲಿಸಿಯ ವ್ಯಾಪ್ತಿ ಭಾರತದ ಗಡಿಗೇ ಮುಗಿಯುತ್ತದೆ. ಅದನ್ನು ನೇಪಾಳಕ್ಕೂ ಹಿಗ್ಗಿಸುವ ಒಂದು ಸೇರ್ಪಡೆ ಇದೆ. ಕಡತದ ಭಾಷೆಯಲ್ಲಿ ಐಎಂಟಿ 1, ಭೌಗೋಳಿಕ ವ್ಯಾಪ್ತಿಯ ವಿಸ್ತರಣೆ. ಭಾರತೀಯ ಮೋಟಾರ್ ಟಾರಿಫ್ ಇದಕ್ಕೆ ಹಾಕಿದ ದರ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100. ಕಾಲ್ ಸೆಂಟರಿನ ಹುಡುಗನಿಗೆ ಇದು ಗೊತ್ತಿರುವುದು ಕಮ್ಮಿ. ಶಾಖೆಗೆ ಇಮೇಲ್ ಹಾಕಿ, ಐಎಂಟಿ 1 ಎಂದೇ ಬರೆದು ಕೇಳಿ, ಹೊರಡುವ ಎರಡು ವಾರ ಮೊದಲೇ ಕೇಳಿ. ಪಾಲಿಸಿಯಲ್ಲಿ ನೇಪಾಳ ಎಂಬ ಹೆಸರು ಅಚ್ಚಾಗಿ ಬರುವವರೆಗೂ ಬಿಡಬೇಡಿ.

ಗೇಟಿನಾಚೆ ನೇಪಾಳದ ಕಡೆಯ ಗಡಿ ಊರು ಬೇಲಹಿಯಾ. ಇಲ್ಲಿ ಗಾಡಿಗೆ ಭನ್ಸಾರ್ ಮಾಡಿಸಬೇಕು. ಭನ್ಸಾರ್ ಅಂದರೆ ಸುಂಕ. ದಿನಕ್ಕೆ ಇಷ್ಟು ಅಂತ ನೇಪಾಳಿ ರೂಪಾಯಿಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ದರ ಆಗಾಗ ಬದಲಾಗುತ್ತದೆ, ಅಲ್ಲಿನ ಫಲಕ ನೋಡಿಯೇ ಕೊಡಿ. ವಿದೇಶಿ ನಂಬರಿನ ಖಾಸಗಿ ಗಾಡಿಗೆ ವರ್ಷಕ್ಕೆ 30 ದಿನದ ಮಿತಿ. ಗಾಡಿ ನಿಲ್ಲಿಸುವ ಮೊದಲೇ ಏಜೆಂಟರು ಕಿಟಕಿ ತಟ್ಟುತ್ತಾರೆ. ಎರಡು ಕೌಂಟರಿನ ಕೆಲಸ ಅಷ್ಟೆ, ನಾವೇ ಮಾಡಿಕೊಳ್ಳಬಹುದು: ಒಂದರಲ್ಲಿ ಭನ್ಸಾರ್, ಇನ್ನೊಂದರಲ್ಲಿ ಯಾತಾಯಾತ್, ಅಂದರೆ ರಸ್ತೆ ಪರವಾನಗಿ. ಎರಡನೆಯದನ್ನು ಬಿಟ್ಟು ಹೊರಟವರನ್ನು ಮುಂದಿನ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಹೋಗುವ ಊರುಗಳ ಹೆಸರನ್ನೆಲ್ಲ ಹೇಳಿ ಬರೆಸಿ. ಬರೀ ಪೋಖರಾ ಅಂದು ಆಮೇಲೆ ಕಾಠ್ಮಂಡುವಿಗೂ ತಿರುಗಿದರೆ ತಕರಾರು.

ಚೀಟಿ ಕೈಗೆ ಬಂತಲ್ಲ, ಕೌಂಟರ್ ಬಿಡಬೇಡಿ. ಅಲ್ಲೇ ನಿಂತು ಮೂರು ಸಂಗತಿ ನೋಡಿ. ಮೊದಲನೆಯದು ಗಾಡಿ ನಂಬರು: ಕೆಎ ಆದ ಮೇಲಿನ 0 ಎಷ್ಟೋ ಸಲ ಅಕ್ಷರದ ಓ ಆಗಿರುತ್ತದೆ. ಎರಡನೆಯದು ಚಾಸಿಸ್ ನಂಬರಿನ ಕೊನೆಯ ಐದಾರು ಅಂಕಿ. ಮೂರನೆಯದು ದಿನಾಂಕ, ಎಡವುವುದು ಇಲ್ಲೇ. ನೇಪಾಳದ ಸರ್ಕಾರಿ ಪಂಚಾಂಗ ವಿಕ್ರಮ ಸಂವತ್, ನಮ್ಮ ಇಸವಿಗಿಂತ 56-57 ವರ್ಷ ಮುಂದೆ. 2025ರ ಏಪ್ರಿಲ್ ಮಧ್ಯಕ್ಕೆ ಅಲ್ಲಿ 2082 ಹುಟ್ಟಿತು. ತಿಂಗಳೂ ನಮ್ಮ ತಿಂಗಳ ನಡುವೆ ಶುರುವಾಗುತ್ತದೆ. ಚೀಟಿಯ ಮೇಲೆ ನಾಗರಿ ಅಂಕಿಯಲ್ಲಿ ಕಾರ್ತಿಕ 12 ಎಂದಿದ್ದರೆ ಅದು ಅಕ್ಟೋಬರ್ 12 ಅಲ್ಲ, ನಮ್ಮ ಮನೆ ಪಂಚಾಂಗದ ಕಾರ್ತಿಕವೂ ಅಲ್ಲ. ಕೊನೆಯ ದಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಯಾವುದು ಎಂದು ಗುಮಾಸ್ತರನ್ನೇ ಕೇಳಿ ಚೀಟಿಯ ಹಿಂದೆ ಬರೆದುಕೊಳ್ಳಿ. ಒಳಗೆ ಬಂದ ದಿನವೂ ಒಂದು ದಿನ. ನಿಮ್ಮ ಲೆಕ್ಕಕ್ಕಿಂತ ಎರಡು ದಿನ ಹೆಚ್ಚಿಗೇ ಕಟ್ಟಿ. ಗುಡ್ಡ ಕುಸಿದು ಸಿಕ್ಕಿಬಿದ್ದರೆ ದಂಡಕ್ಕಿಂತ ಅದು ಅಗ್ಗ.

ದುಡ್ಡಿನ ಲೆಕ್ಕ ಸುಲಭ. ನಮ್ಮ 100 ಅವರ 160, 1993ರಿಂದ ಅದೇ ದರ. 2018ರ ಕೊನೆಯಲ್ಲಿ ನೇಪಾಳ ನಮ್ಮ 100ಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿತು. ಆ ನಿಯಮ ಆಮೇಲೆ ಬದಲಾಗಿರಬಹುದು, ಹೊರಡುವ ಮೊದಲು ವಿಚಾರಿಸಿ. ಆದರೂ 100ರ ಕಟ್ಟುಗಳನ್ನು ಊರಿನ ಬ್ಯಾಂಕಿನಿಂದಲೇ ತಂದರೆ ತಕರಾರಿಲ್ಲ. 2024ರಿಂದ ಫೋನ್‌ಪೇ ಕ್ಯೂಆರ್ ಇರುವಲ್ಲಿ ಯುಪಿಐ ನಡೆಯುತ್ತದೆ. ಇದು ನೇಪಾಳದ ಫೋನ್‌ಪೇ, ಹೆಸರು ಕೇಳಲು ನಮ್ಮದರ ಹಾಗಿದೆ ಅಷ್ಟೆ. ಗಡಿಯಾರ 15 ನಿಮಿಷ ಮುಂದಿಡಿ.

ಪೋಖರಾ ದಾರಿಯಲ್ಲಿ ಬೆಟ್ಟದ ಬುಡದ ಊರು ಬುಟ್ವಲ್ ದಾಟಿದ ಕೂಡಲೇ ಸಿದ್ಧಾರ್ಥ ಹೆದ್ದಾರಿ ಬೆಟ್ಟದ ಸಂದಿಗೆ ನುಗ್ಗುತ್ತದೆ. ಸಿದ್ಧಬಾಬಾ ದೇವಸ್ಥಾನದ ಬಳಿ ಮೇಲಿಂದ ಕಲ್ಲು ಬೀಳುವ ಜಾಗ. ಅಲ್ಲಿ ಸುರಂಗ ಮಾರ್ಗದ ಕೆಲಸ ಹಿಡಿದಿದ್ದಾರೆ, ರಸ್ತೆ ಮುಚ್ಚುವುದುಂಟು. ಇವತ್ತು ಎಷ್ಟೊತ್ತಿಗೆ ಬಿಡುತ್ತಾರೆ ಎಂದು ಬುಟ್ವಲ್‌ನಲ್ಲೇ ಕೇಳಿ. ಪೋಖರಾಕ್ಕೆ ಅಲ್ಲಿಂದ ಸುಮಾರು 160 ಕಿ.ಮೀ., ಆದರೆ ಗಂಟೆಗೆ 30ಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ. ಮಕ್ಕಳಿಗೆ ವಾಂತಿ ಮಾತ್ರೆ ಕೊಡುವುದಿದ್ದರೆ ಘಾಟಿಗೆ ಅರ್ಧ ಗಂಟೆ ಮೊದಲೇ, ಬುಟ್ವಲ್‌ನ ಚಹಾದ ಹೊತ್ತಿಗೆ.

ತುಂಬಿದ ಗಾಡಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗುವುದು ಬಯಲುಸೀಮೆಯವರ ಅಭ್ಯಾಸ. ಪ್ಯಾಡ್ ಕಾದು ಸುಟ್ಟ ವಾಸನೆ ಬಂತೆಂದರೆ ಹಿಡಿತ ಆಗಲೇ ಇಳಿದಿದೆ ಎಂದರ್ಥ. ಬದಿಗೆ ನಿಲ್ಲಿಸಿ 20-30 ನಿಮಿಷ ಬಿಡಿ, ನೀರು ಎರಚಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಏರಿದ ಗೇರಿನಲ್ಲೇ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನುಯಲ್‌ಗೋ ಎಲ್‌ಗೋ ಹಾಕಿ. ಪ್ಯಾಡ್ ಅರ್ಧ ಸವೆದಿದ್ದರೆ ಊರಲ್ಲೇ ಬದಲಿಸಿ ಹೊರಡಿ.

ಮಳೆಗಾಲ ಬೇಡವೇ ಬೇಡ. 2024ರ ಜುಲೈ 12ರ ಬೆಳಗಿನ ಜಾವ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್‌ನಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು. ಪೋಖರಾ-ಕಾಠ್ಮಂಡು ಸುಮಾರು 200 ಕಿ.ಮೀ. ದಾರಿಯೂ ಮುಗ್ಲಿಂಗ್ ಮೇಲೆಯೇ ಹಾಯುತ್ತದೆ. ಅಕ್ಟೋಬರ್ ಕೊನೆ, ನವೆಂಬರ್, ಇಲ್ಲವೇ ಮಾರ್ಚ್-ಏಪ್ರಿಲ್ ಚೆನ್ನ.

ನಮ್ಮವರು, ಅದರಲ್ಲೂ ಮನೆಯಲ್ಲಿ ಸಾಲಿಗ್ರಾಮ ಪೂಜೆ ಇರುವವರು, ಮುಕ್ತಿನಾಥ ಬಿಟ್ಟು ಬರುವುದಿಲ್ಲ. ಅಲ್ಲಿಗೆ ಮಾತ್ರ ನಿಮ್ಮ ಹ್ಯಾಚ್‌ಬ್ಯಾಕ್ ಒಯ್ಯಬೇಡಿ. ದಾರಿಯಲ್ಲಿ ಸಿಗುವ ಬೇನಿ ಎಂಬ ಊರಿನಿಂದ ಮೇಲೆ ಕಲ್ಲು, ಕೆಸರು, ಹಳ್ಳ. ತಳ ಬಡಿದು ಆಯಿಲ್ ಸಂಪ್ ಒಡೆದರೆ ಟೋ ಮಾಡುವವರನ್ನು ಹುಡುಕುವುದರಲ್ಲೇ ಎರಡು ದಿನ. ಕಾರನ್ನು ಪೋಖರಾದ ಹೋಟೆಲಿನಲ್ಲಿ ಬಿಟ್ಟು ಸ್ಥಳೀಯ ಜೀಪು ಹಿಡಿಯಿರಿ, ಅಥವಾ ಮುಕ್ತಿನಾಥದ ಕೆಳಗಿನ ಊರು ಜೋಮ್ಸೋಮ್‌ಗೆ ಬೆಳಗಿನ ವಿಮಾನ. ಹೊತ್ತೇರಿದ ಮೇಲೆ ಕಣಿವೆಯ ಗಾಳಿ ಜೋರು, ಹಾರಾಟ ರದ್ದಾಗುತ್ತದೆ. ದೇವಸ್ಥಾನ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಹಿರಿಯರು ಒಂದು ರಾತ್ರಿ ಜೋಮ್ಸೋಮ್‌ನಲ್ಲಿ ಉಳಿದು ಹತ್ತುವುದು ಒಳ್ಳೆಯದು, ದೇವಸ್ಥಾನದ 108 ನೀರಿನ ಧಾರೆಗಳ ಕೆಳಗೆ ಓಡುವ ಹುರುಪು ಬೇಡ.

ವಾಪಸಾಗುವಾಗ ಭನ್ಸಾರ್ ಚೀಟಿಯನ್ನು ಅದೇ ಬೇಲಹಿಯಾ ಕಚೇರಿಯಲ್ಲಿ ತೋರಿಸಿ, ಗಾಡಿ ಹೊರಹೋಗಿದೆ ಎಂದು ನಮೂದು ಮಾಡಿಸಿ. ಮನೆ ಸೇರುವ ಆತುರದಲ್ಲಿ ಕೈ ಬೀಸಿ ದಾಟಿದರೆ ಅವರ ಲೆಕ್ಕದಲ್ಲಿ ನಿಮ್ಮ ಕಾರು ಇನ್ನೂ ನೇಪಾಳದಲ್ಲೇ ಇರುತ್ತದೆ. ಒಪ್ಪಿಸುವ ಮುಂಚೆ ಚೀಟಿಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.